ಮ್ಯಾನ್ಮಾರ್‌ನಲ್ಲಿ ಪ್ರಜಾಪ್ರಭುತ್ವ ಮರಳೋಕೆ ಭಾರತ ಏನು ಮಾಡಬಹುದು? ಖಾಲಿ ಹೇಳಿಕೆ ಬಿಟ್ಟು ಕೆಲಸದ ಮಾತು ಹೇಳಿ

ಹಳೇಪೇಪರ್

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನ ಹೊಸ ಸಂಸತ್ತು ಸೇರಬೇಕಿತ್ತು. ಅದಕ್ಕೆ ಕೆಲವೇ ಗಂಟೆ ಮೊದಲು ಸೇನೆ ದಂಗೆ ಎದ್ದು, ನಾಗರಿಕ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಮತ್ತು ಅಧ್ಯಕ್ಷ ವಿನ್ ಮಿಂಟ್ ಇಬ್ಬರನ್ನೂ ಬಂಧಿಸಿ ಅಧಿಕಾರ ಹಿಡಿಯಿತು. 2020ರ ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷ ಎನ್‌ಎಲ್‌ಡಿ 476ರಲ್ಲಿ 396 ಸೀಟು ಗೆದ್ದಿತ್ತು. ಸೇನೆಯ ಬೆಂಬಲಿಗ ಪಕ್ಷ ಯುಎಸ್‌ಡಿಪಿಗೆ ಸಿಕ್ಕಿದ್ದು 33. ಮತದಾರರ ಪಟ್ಟಿಯಲ್ಲಿ ಮೋಸ ಆಗಿದೆ ಅನ್ನೋದು ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಹೇಳಿದ ನೆಪ.

ಆಮೇಲೆ ನಮ್ಮ ಸರ್ಕಾರ ನಡೆದುಕೊಂಡ ರೀತಿ ನೋಡಿ. ಮೊದಲ ದಿನವೇ ಕಳವಳ ಅಂತ ಹೇಳಿಕೆ ಬಂತು. ಅದೇ ವರ್ಷ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸೇನೆಯ ವಿರುದ್ಧ ನಿರ್ಣಯ ಬಂದಾಗ 119 ದೇಶಗಳು ಪರವಾಗಿ ಮತ ಹಾಕಿದವು, ಬೆಲಾರುಸ್ ಒಂದೇ ವಿರುದ್ಧ ನಿಂತಿತು. 36 ದೇಶಗಳು ತಟಸ್ಥ. ಆ 36ರಲ್ಲಿ ಚೀನಾ, ರಷ್ಯಾ ಜೊತೆ ನಾವೂ ಇದ್ದೆವು. 2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲೂ ಅದೇ ಕಥೆ. 12 ದೇಶಗಳು ಪರ, ಮೂರು ತಟಸ್ಥ. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನ ನಮ್ಮದೇ ಆಗಿತ್ತು ಅನ್ನೋದು ಇನ್ನೂ ಕಸಿವಿಸಿ.

ನನ್ನ ವಾದ ಇಷ್ಟೇ. ಹೊರಗಿನ ದೇಶ ಇನ್ನೊಂದು ದೇಶಕ್ಕೆ ಪ್ರಜಾಪ್ರಭುತ್ವ ತಂದುಕೊಡಲು ಆಗಲ್ಲ. ಆದರೆ ಸೇನೆಗೆ ದುಡ್ಡು, ಆಯುಧ, ಮಾನ್ಯತೆ ಕೊಡದೇ ಇರಲು ಖಂಡಿತ ಆಗುತ್ತೆ. ಭಾರತ ಅದನ್ನೂ ಪೂರ್ತಿ ಮಾಡುತ್ತಿಲ್ಲ. ಒಪ್ಪದವರು ಕಾರಣ ಕೊಟ್ಟು ಬರೆಯಿರಿ.

ಸೀದಾಮಾತು

ಒಪ್ಪಲ್ಲ, ಸಾರ್. ಕಾರಣ ಕೊಡ್ತೀನಿ.

ನಾವು ಒಮ್ಮೆ ಇದನ್ನು ಮಾಡಿ ನೋಡಿದ್ದೇವೆ. 1988ರ ಆಗಸ್ಟ್‌ನಲ್ಲಿ ರಂಗೂನ್‌ನಲ್ಲಿ ವಿದ್ಯಾರ್ಥಿಗಳ ಚಳವಳಿ ಎದ್ದಾಗ ರಾಜೀವ್ ಗಾಂಧಿ ಸರ್ಕಾರ ಬಹಿರಂಗವಾಗಿ ಚಳವಳಿಯ ಪರ ನಿಂತಿತು. ಓಡಿಬಂದವರಿಗೆ ಮಿಜೋರಾಂ, ಮಣಿಪುರದಲ್ಲಿ ಶಿಬಿರ ತೆರೆದರು. ಆಕಾಶವಾಣಿಯ ಬರ್ಮೀಸ್ ಪ್ರಸಾರ ಸೇನೆಯನ್ನು ಎಷ್ಟು ಕೆಣಕಿತು ಅಂದರೆ ಅವರು ಅಧಿಕೃತವಾಗಿಯೇ ಗೊಣಗಿದರು. ಹಳೆಯ ಪ್ರಧಾನಿ ಊ ನು ಅವರ ಮಗಳೇ ಆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. 1990ರ ಚುನಾವಣೆಯಲ್ಲಿ ಎನ್‌ಎಲ್‌ಡಿ 392 ಸೀಟು ಗೆದ್ದಿತು. ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ.

ಇದರಿಂದ ನಮಗೆ ಸಿಕ್ಕಿದ್ದೇನು? ರಂಗೂನ್ ಸೀದಾ ಬೀಜಿಂಗ್ ಕಡೆ ತಿರುಗಿತು. ಚೀನಾ ವಿಮಾನ, ಟ್ಯಾಂಕ್ ಕೊಟ್ಟಿತು. ನಾಗಾ, ಮಣಿಪುರದ ಬಂಡುಕೋರರು ಗಡಿಯಾಚೆ ಆರಾಮಾಗಿ ಕೂತರು. ಅದಕ್ಕೇ ನರಸಿಂಹ ರಾವ್ ಕಾಲದಲ್ಲಿ ದಾರಿ ಬದಲಾಯಿತು. 1993ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜೆ.ಎನ್. ದೀಕ್ಷಿತ್ ರಂಗೂನ್‌ಗೆ ಹೋಗಿ ಮಾತು ಶುರು ಮಾಡಿದರು.

1995ರದ್ದು ಇನ್ನೂ ಸ್ಪಷ್ಟ ಉದಾಹರಣೆ. ಮಿಜೋರಾಂ ಗಡಿಯಲ್ಲಿ ಎರಡೂ ಸೇನೆ ಸೇರಿ ‘ಗೋಲ್ಡನ್ ಬರ್ಡ್’ ಕಾರ್ಯಾಚರಣೆ ನಡೆಸುತ್ತಿದ್ದವು. ಬಂಡುಕೋರರ ದೊಡ್ಡ ಗುಂಪು ಬಲೆಗೆ ಬಿದ್ದಿತ್ತು. ಅದೇ ಹೊತ್ತಿಗೆ ದೆಹಲಿ ಸೂ ಕಿ ಅವರಿಗೆ ನೆಹರೂ ಪ್ರಶಸ್ತಿ ಕೊಟ್ಟಿತು. ಬರ್ಮಾ ಸೇನೆ ಅರ್ಧಕ್ಕೇ ಕೈಬಿಟ್ಟಿತು, ಬಂಡುಕೋರರಲ್ಲಿ ಹಲವರು ಜಾರಿಕೊಂಡರು. 1,643 ಕಿಲೋಮೀಟರ್ ಗಡಿ ಹಂಚಿಕೊಂಡವರು ನಾವು. ವಾಷಿಂಗ್ಟನ್‌ನವರಿಗೆ ಆ ಗಡಿ ಇಲ್ಲ. ಅವರು ಎಷ್ಟು ಬೇಕಾದರೂ ನೀತಿ ಮಾತಾಡಬಹುದು.

ಬಿಸಿಬೇಳೆ

ಸೂ ಕಿ ದೆಹಲಿಯಲ್ಲೇ ಓದಿದವರಲ್ವಾ? ಲೇಡಿ ಶ್ರೀರಾಮ್ ಕಾಲೇಜು. ತಾಯಿ ಇಲ್ಲಿ ರಾಯಭಾರಿ ಆಗಿದ್ದರು. ಆದರೂ ನಮ್ಮವರು ಹೀಗೆ.

ಕುಡ್ಲದಾಕೆ

ಸೀದಾಮಾತು ಅವರೇ, ನಿಮ್ಮ ಇತಿಹಾಸದಲ್ಲಿ ನಮ್ಮ ಮಂಗಳೂರಿನವರೊಬ್ಬರು ಬಿಟ್ಟುಹೋಗಿದ್ದಾರೆ. ಜಾರ್ಜ್ ಫರ್ನಾಂಡಿಸ್. 1998ರಲ್ಲಿ ರಕ್ಷಣಾ ಮಂತ್ರಿ ಆದರು. ದೆಹಲಿಯ ಕೃಷ್ಣ ಮೆನನ್ ಮಾರ್ಗದ ಅವರ ಸರ್ಕಾರಿ ಬಂಗಲೆಯಲ್ಲಿ ಬರ್ಮಾದ ಪ್ರಜಾಪ್ರಭುತ್ವ ಹೋರಾಟಗಾರರು ಇರುತ್ತಿದ್ದರು. ಅಲ್ಲಿಂದಲೇ ಅವರ ಕೆಲಸ ನಡೆಯುತ್ತಿತ್ತು. ಮಂತ್ರಿಯ ಮನೆಯಲ್ಲಿ! ಈಗ ಊಹಿಸೋಕಾದರೂ ಆಗುತ್ತಾ?

ಆದರೆ ಅವರ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. ಅವರು ಮಂತ್ರಿ ಆಗಿದ್ದಾಗಲೇ, 2000ದಲ್ಲಿ, ನಮ್ಮ ಸೇನಾ ಮುಖ್ಯಸ್ಥ ಜನರಲ್ ವಿ.ಪಿ. ಮಲಿಕ್ ಮ್ಯಾನ್ಮಾರ್‌ಗೆ ಹೋಗಿಬಂದರು. ಎರಡು ಸೇನೆಗಳ ನಡುವೆ ಸ್ನೇಹ ಬೆಳೆದದ್ದೂ ಆಗಲೇ. ಮಂತ್ರಿಯ ಮನೆಯಲ್ಲಿ ಹೋರಾಟಗಾರರು, ಮಂತ್ರಾಲಯದಲ್ಲಿ ಜನರಲ್‌ಗಳು. ಅವರೊಬ್ಬರ ಇಷ್ಟಕ್ಕೆ ಸರ್ಕಾರದ ನೀತಿ ಬಗ್ಗಲಿಲ್ಲ.

ಅವರು ಅಧಿಕಾರಕ್ಕೆ ಬರುವ ತಿಂಗಳ ಮೊದಲು ಅಂಡಮಾನ್‌ನ ಲ್ಯಾಂಡ್‌ಫಾಲ್ ದ್ವೀಪದಲ್ಲಿ ನಡೆದದ್ದು ಗೊತ್ತಾ? ನಮ್ಮ ಪಡೆಗಳ ‘ಆಪರೇಷನ್ ಲೀಚ್’. ಮ್ಯಾನ್ಮಾರ್‌ನ ಅರಾಕಾನ್ ಪ್ರದೇಶದ ಹೋರಾಟಗಾರರು ಆರು ಜನ ಸತ್ತರು. ಉಳಿದವರನ್ನು ಆಯುಧ ಸಾಗಿಸುವವರು ಅಂತ ಜೈಲಿಗೆ ಹಾಕಿದರು. ನಮ್ಮ ಗುಪ್ತಚರ ವಿಭಾಗದ ಜೊತೆ ಕೆಲಸ ಮಾಡುತ್ತಿದ್ದವರು ನಾವು ಅಂತ ಅವರು ಕೋರ್ಟಿನಲ್ಲಿ ಹೇಳಿದರು. ಹೊರಬರಲು ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಆ ಜನ ಭಾರತವನ್ನು ಹೇಗೆ ನಂಬಬೇಕು ಹೇಳಿ.

ಹಳೇಪೇಪರ್

ಒಳ್ಳೇದು ನೆನಪಿಸಿದಿರಿ, ಮೇಡಂ. ಇನ್ನೊಂದು ಸೇರಿಸ್ತೀನಿ. 2007ರ ಸೆಪ್ಟೆಂಬರ್. ರಂಗೂನ್ ಬೀದಿಗಳಲ್ಲಿ ಕಾವಿ ಬಟ್ಟೆಯ ಭಿಕ್ಷುಗಳು ಸಾವಿರಗಟ್ಟಲೆ ನಡೆಯುತ್ತಿದ್ದರು. ಅದೇ ವಾರ ನಮ್ಮ ಪೆಟ್ರೋಲಿಯಂ ಮಂತ್ರಿ ಮುರಳಿ ದೇವ್ರಾ ಅಲ್ಲಿಗೆ ಹೋಗಿ ಅನಿಲ ಹುಡುಕುವ ಒಪ್ಪಂದಕ್ಕೆ ಸಾಕ್ಷಿಯಾದರು. ಕೆಲವೇ ದಿನಕ್ಕೆ ಭಿಕ್ಷುಗಳ ಮೇಲೆ ಗುಂಡು ಹಾರಿತು.

ಇಷ್ಟು ಮಾಡಿ ಅನಿಲ ಸಿಕ್ಕಿತಾ? ಶ್ವೇ ಅನಿಲ ನಿಕ್ಷೇಪದಲ್ಲಿ ನಮ್ಮ ಓಎನ್‌ಜಿಸಿ ವಿದೇಶ್‌ಗೂ ಗೇಲ್‌ಗೂ ಪಾಲು ಸಿಕ್ಕಿತು. ಅನಿಲ ಮಾತ್ರ ಮ್ಯಾನ್ಮಾರ್ ಕರಾವಳಿಯ ಕ್ಯಾಕ್‌ಫ್ಯೂದಿಂದ ಪೈಪಿನಲ್ಲಿ ಚೀನಾಕ್ಕೆ ಹೋಯಿತು. ಸೀದಾಮಾತು ಅವರು ಹೇಳುವ ‘ವಾಸ್ತವ ನೀತಿ’ಯ ಫಲ ಇದು.

2012ರಲ್ಲಿ ಸೂ ಕಿ ದೆಹಲಿಗೆ ಬಂದು ನೆಹರೂ ಉಪನ್ಯಾಸ ಕೊಟ್ಟರು. ನಮ್ಮ ಕಷ್ಟದ ದಿನಗಳಲ್ಲಿ ಭಾರತ ದೂರ ಸರಿದದ್ದು ಬೇಸರ ತಂದಿತು ಅನ್ನುವ ಅರ್ಥದಲ್ಲಿ ಮೆಲ್ಲಗೆ ಹೇಳಿ ಹೋದರು.

ತೊಗರಿಕಣಜ

ನಮಸ್ಕಾರ್ರೀ. ಕಲಬುರಗಿ ಕಡೆಯವನು. ನೀವೆಲ್ಲ ಗ್ಯಾಸು, ಬಂದೂಕು ಅಂತಿದ್ದೀರಿ. ನಮಗೆ ಮ್ಯಾನ್ಮಾರ್ ಅಂದರೆ ಬೇಳೆ ನೋಡ್ರಿ.

ಹೊರದೇಶದಿಂದ ಬರುವ ಉದ್ದಿನಲ್ಲಿ ಬಹುಪಾಲು ಅಲ್ಲಿಂದಲೇ. ಬೆಂಗಳೂರಿನ ದರ್ಶಿನಿಯಲ್ಲಿ ತಿನ್ನುವ ಇಡ್ಲಿಯಲ್ಲಿ ಬರ್ಮಾ ಉದ್ದು ಇರೋ ಸಾಧ್ಯತೆ ಜಾಸ್ತಿ. 2021ರ ಜೂನ್‌ನಲ್ಲಿ, ಅಂದರೆ ದಂಗೆ ಆಗಿ ಐದೇ ತಿಂಗಳಿಗೆ, ಎರಡೂ ಸರ್ಕಾರ ಒಪ್ಪಂದ ಮಾಡಿಕೊಂಡವು. ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ. ಐದು ವರ್ಷಕ್ಕೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಕೊಟ್ಟರು, ಸಂತೋಷ. ಆದರೆ ಸುಂಕ ಇಲ್ಲದೆ ಹೊರಗಿನ ತೊಗರಿ ಬಂದು ಬಿದ್ದಾಗ ಎಪಿಎಂಸಿಯಲ್ಲಿ ದರ ಕುಸಿಯುತ್ತೆ. ಆಗ ಜಿಐ ಟ್ಯಾಗ್ ಏನು ಮಾಡುತ್ತೆ?

ನನ್ನ ಪ್ರಶ್ನೆ: ಸೇನೆಗೆ ದುಡ್ಡು ಹೋಗಬಾರದು ಅಂದರೆ ಬೇಳೆ ನಿಲ್ಲಿಸಬೇಕಾ? ನಿಲ್ಲಿಸಿದರೆ ನಮಗೇನೋ ಖುಷಿ. ಆದರೆ ಅಲ್ಲಿ ತೊಗರಿ ಬೆಳೆಯೋನೂ ನನ್ನ ಹಾಗೆ ರೈತನೇ ಅಲ್ವಾ? ಸಗಾಯಿಂಗ್, ಮಗ್ವೆ ಕಡೆ ಜಾಸ್ತಿ ಬೆಳೀತಾರೆ ಅಂತ ಕೇಳಿದ್ದೇನೆ. ಸೇನೆ ಊರು ಸುಡುತ್ತಿರೋದೂ ಅಲ್ಲೇ.

ಲೆಕ್ಕಿಗ

ತೊಗರಿಕಣಜ ಅಣ್ಣಾ, ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಪ್ರಶ್ನೆ. ವಿದೇಶಿ ವಿನಿಮಯದ ಕೆಲಸ ನನ್ನದು. ದುಡ್ಡು ಹೇಗೆ ಹರಿಯುತ್ತೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಉದ್ದು ಮಾರೋನು ಖಾಸಗಿ ವ್ಯಾಪಾರಿ. ಅವನಿಗೆ ಡಾಲರ್ ಬರುತ್ತೆ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಬಂದ ಡಾಲರನ್ನು ಒಂದೇ ಕೆಲಸದ ದಿನದೊಳಗೆ ಅಲ್ಲಿನ ನಾಣ್ಯ ಕ್ಯಾಟ್‌ಗೆ ಬದಲಿಸಿಕೊಳ್ಳಬೇಕು. ದರ ಸರ್ಕಾರ ಹೇಳಿದ್ದು, ಆಮೇಲೆ ಡಾಲರಿಗೆ 2,100 ಕ್ಯಾಟ್ ಅಂತ ಕಟ್ಟಿಹಾಕಿದರು. ಹೊರಗಡೆ ಮಾರುಕಟ್ಟೆಯಲ್ಲಿ ಅದರ ದುಪ್ಪಟ್ಟು ಆಗುವವರೆಗೂ ಹೋಯಿತು. ಆ ವ್ಯತ್ಯಾಸ ಯಾರ ಜೇಬಿಗೆ? ರೈತನ ಮತ್ತು ವ್ಯಾಪಾರಿಯ ಕೈಯಿಂದ ಕಿತ್ತು ಸರ್ಕಾರ ಅಗ್ಗಕ್ಕೆ ಡಾಲರ್ ಮಾಡಿಕೊಂಡಿತು. ಎಷ್ಟು ಪಾಲು ಬದಲಿಸಬೇಕು ಅನ್ನೋದನ್ನು ಆಮೇಲೆ ಇಳಿಸುತ್ತಾ ಬಂದರು, ಯಾಕಂದರೆ ರಫ್ತೇ ನಿಲ್ಲುವ ಹಾಗಾಗಿತ್ತು. 2024ರಲ್ಲಿ ಬೇಳೆ ವ್ಯಾಪಾರಕ್ಕೆ ರೂಪಾಯಿ–ಕ್ಯಾಟ್ ನೇರ ವ್ಯವಸ್ಥೆ ಬಂತು.

ಹಾಗಾಗಿ ಬೇಳೆ ನಿಲ್ಲಿಸಿದರೆ ಪೆಟ್ಟು ಮೊದಲು ರೈತನಿಗೆ. ಸೇನೆಗೆ ಡಾಲರ್ ಬರುವ ದೊಡ್ಡ ದಾರಿಗಳು ಬೇರೆ ಇವೆ. ಅನಿಲ, ಮರ, ರತ್ನ, ಅದಿರು. ಅನಿಲದ ದುಡ್ಡು ಮ್ಯಾನ್ಮಾರ್‌ನ ಸರ್ಕಾರಿ ತೈಲ ಸಂಸ್ಥೆ ಮೋಜ್‌ಗೆ ಹೋಗುತ್ತೆ. ಐರೋಪ್ಯ ಒಕ್ಕೂಟ 2022ರ ಫೆಬ್ರವರಿಯಲ್ಲೇ ಅದರ ಮೇಲೆ ನಿರ್ಬಂಧ ಹಾಕಿತು. ಅಮೆರಿಕ 2023ರ ಜೂನ್‌ನಲ್ಲಿ ಎರಡು ಸರ್ಕಾರಿ ಬ್ಯಾಂಕುಗಳ ಮೇಲೆ ಹಾಕಿತು, ಅಕ್ಟೋಬರ್‌ನಲ್ಲಿ ಮೋಜ್‌ಗೆ ಹಣಕಾಸು ಸೇವೆ ಕೊಡಬಾರದು ಅಂತ ತನ್ನವರಿಗೆ ಹೇಳಿತು. ಟೋಟಲ್, ಷೆವ್ರಾನ್ ಕಂಪನಿಗಳು ಯಡಾನಾ ನಿಕ್ಷೇಪ ಬಿಟ್ಟು ಹೋಗ್ತೀವಿ ಅಂದವು. ಆದರೆ ಟೋಟಲ್ ಬಿಟ್ಟ ಪಾಲು ಉಳಿದ ಪಾಲುದಾರರಿಗೇ ಹಂಚಿಹೋಯಿತು. ಅದರಲ್ಲಿ ಮೋಜ್ ಕೂಡ ಒಂದು! ಒಳ್ಳೇ ಕೆಲಸ ಮಾಡಲು ಹೋಗಿ ಸೇನೆಗೇ ಲಾಭ. ನಿರ್ಬಂಧ ಹೇಗೆ ಬರೆಯಬಾರದು ಅಂತ ಕಲಿಯಲು ಇದು ಸಾಕು.

ಕೆಲಸ ಮಾಡಿದ ಉದಾಹರಣೆಯೂ ಇದೆ. ಸಿಂಗಾಪುರ. 2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿ ಕೊಟ್ಟರು. ದಂಗೆಯ ನಂತರ ಸೇನೆ ಸುಮಾರು 100 ಕೋಟಿ ಡಾಲರ್ ಬೆಲೆಯ ಆಯುಧ ಮತ್ತು ಸಾಮಗ್ರಿ ತರಿಸಿಕೊಂಡಿದೆ ಅಂತ. ಅದರಲ್ಲಿ ಸಿಂಗಾಪುರದ ಕಂಪನಿಗಳ ಮೂಲಕ ಹೋದದ್ದು 25.4 ಕೋಟಿ. ಸಿಂಗಾಪುರ ಸರ್ಕಾರ ತನಿಖೆ ಮಾಡಿತು. ಮರುವರ್ಷದ ವರದಿ ಹೊತ್ತಿಗೆ ಅಲ್ಲಿಂದ ಹೋಗುವ ಸಾಮಗ್ರಿ ವರ್ಷಕ್ಕೆ 11 ಕೋಟಿ ಚಿಲ್ಲರೆಯಿಂದ ಸುಮಾರು 1 ಕೋಟಿಗೆ ಇಳಿದಿತ್ತು. ಭಾಷಣ ಇಲ್ಲ, ಪ್ರಶಸ್ತಿ ಇಲ್ಲ. ಬ್ಯಾಂಕುಗಳಿಗೆ ಒಂದು ಮಾತು, ಅಷ್ಟೇ. ಥಾಯ್ಲೆಂಡ್ ಬ್ಯಾಂಕುಗಳ ಮೂಲಕ ಅದೇ ವರ್ಷ ದುಪ್ಪಟ್ಟಾಯಿತು ಅನ್ನೋದೂ ನಿಜ. ಒಂದು ಬಾಗಿಲು ಮುಚ್ಚಿದರೆ ಸಾಲದು. ಹಾಗಂತ ಮುಚ್ಚಿದ್ದು ವ್ಯರ್ಥವೂ ಅಲ್ಲ.

ಬಿಸಿಬೇಳೆ

ಆ ವರದಿಯಲ್ಲಿ ಭಾರತದ ಲೆಕ್ಕ ಎಷ್ಟಿತ್ತು ಸಾರ್?

ಲೆಕ್ಕಿಗ

5.1 ಕೋಟಿ ಡಾಲರ್. ರಷ್ಯಾ 40.6, ಚೀನಾ 26.7. ಅವರಿಗೆ ಹೋಲಿಸಿದರೆ ನಮ್ಮದು ಚಿಕ್ಕದು. ಆದರೆ ನಮ್ಮ ಲೆಕ್ಕದಲ್ಲಿ ಸರ್ಕಾರಿ ಕಂಪನಿಗಳೂ ಇದ್ದವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಹೆಸರೂ ಬಂತು. ಹಿಂದಿನ ನಾಗರಿಕ ಸರ್ಕಾರದ ಜೊತೆ ಆಗಿದ್ದ ಮಾತಿನ ಪ್ರಕಾರ ಕಳಿಸಿದ್ದು, ನಮ್ಮ ಭದ್ರತೆಯ ಕಾಳಜಿಯೂ ಇದೆ ಅನ್ನೋದು ಭಾರತದ ಉತ್ತರ.

ಹಳೇಪೇಪರ್

ಆ ಉತ್ತರ ನನಗೆ ಒಪ್ಪಿಗೆ ಆಗಲ್ಲ. ಮಾತು ಕೊಟ್ಟ ಸರ್ಕಾರವನ್ನೇ ಜೈಲಿಗೆ ಹಾಕಿದವರಿಗೆ ಆ ಮಾತು ಹೇಗೆ ಸಲ್ಲುತ್ತೆ? ಬೇಳೆ ಒಪ್ಪಂದ ಮುಂದುವರಿಸಲಿ, ತಕರಾರಿಲ್ಲ. ಆಯುಧದ ಬಿಡಿಭಾಗ, ರೇಡಾರ್, ವಿಮಾನದ ಇಂಧನ ಬೇರೆ ವಿಷಯ. 2023ರ ಏಪ್ರಿಲ್ 11ರಂದು ಸಗಾಯಿಂಗ್‌ನ ಪಝೀಜಿ ಊರಿನಲ್ಲಿ ಜನ ಸೇರಿದ್ದಾಗ ಬಾಂಬ್ ಬಿತ್ತು. 160ಕ್ಕಿಂತ ಹೆಚ್ಚು ಜನ ಸತ್ತರು, ಮಕ್ಕಳೂ ಇದ್ದರು. ನೆಲದ ಮೇಲೆ ಸೋಲುತ್ತಿದ್ದ ಸೇನೆಗೆ ಉಳಿದಿದ್ದ ಬಲವೇ ಆಕಾಶ. ನಮ್ಮ ಬೆಂಗಳೂರಿನಿಂದ ಒಂದು ಸ್ಕ್ರೂ ಕೂಡ ಅದಕ್ಕೆ ಹೋಗಬಾರದು.

ಸೀದಾಮಾತು

ಭಾವನೆ ಅರ್ಥ ಆಗುತ್ತೆ. ಆದರೆ ಲೆಕ್ಕಿಗರ ಲೆಕ್ಕವೇ ನನ್ನ ಪರ ಇದೆ. ನಾವು ನಿಲ್ಲಿಸಿದರೆ 100ರಲ್ಲಿ 5 ನಿಲ್ಲುತ್ತೆ. ಆ ಜಾಗಕ್ಕೆ ರಷ್ಯಾ ಬರುತ್ತೆ. ನಮಗೆ ಮಾತ್ರ ನೇಪಿಡಾದಲ್ಲಿ ಬಾಗಿಲು ಮುಚ್ಚುತ್ತೆ.

ಹಳೆಯ ನಿರ್ಬಂಧಗಳನ್ನೂ ನೋಡಿ. ಅಮೆರಿಕ 1997ರಲ್ಲಿ ಹೊಸ ಹೂಡಿಕೆ ನಿಲ್ಲಿಸಿತು. 2003ರಲ್ಲಿ ಆಮದನ್ನೇ ನಿಷೇಧಿಸಿತು. ರಂಗೂನ್‌ನ ಗಾರ್ಮೆಂಟ್ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಜನರಲ್‌ಗಳು ಥಾಯ್ಲೆಂಡ್‌ಗೆ ಅನಿಲ ಮಾರಿ ನೇಪಿಡಾ ಅಂತ ಹೊಸ ರಾಜಧಾನಿಯನ್ನೇ ಕಟ್ಟಿಕೊಂಡರು. 2011ರಲ್ಲಿ ಅಧ್ಯಕ್ಷ ಥೇನ್ ಸೇನ್ ಬಾಗಿಲು ತೆರೆದದ್ದು ನಿರ್ಬಂಧಕ್ಕೆ ಹೆದರಿ ಅಲ್ಲ. ಚೀನಾ ಮೇಲೆ ಅತಿಯಾಗಿ ಬಿದ್ದಿದ್ದೇವೆ ಅನ್ನೋ ಅಂಜಿಕೆಯೇ ಮುಖ್ಯ ಅಂತ ನನ್ನ ಅಭಿಪ್ರಾಯ. ಅದೇ ವರ್ಷ ಚೀನಾದ ಮಿಟ್ಸೋನ್ ಅಣೆಕಟ್ಟನ್ನು ಅವರು ತಡೆಹಿಡಿದರು. ಚೀನಾ ಬಿಟ್ಟು ಬೇರೆ ದಾರಿ ಇದೆ ಅಂತ ತೋರಿಸುವ ದೇಶಗಳು ಬೇಕು. ನಾವು ಆ ದಾರಿ.

ಕುಡ್ಲದಾಕೆ

ನಾವು ಆ ದಾರಿ ಆಗಿದ್ದಕ್ಕೆ ಏನಾಯಿತು? ಕಲಾದಾನ್ ಯೋಜನೆ ನೋಡಿ. 2008ರ ಒಪ್ಪಂದ. ಕೋಲ್ಕತ್ತಾದಿಂದ ಸಮುದ್ರದಲ್ಲಿ ಸಿಟ್ವೆ ಬಂದರಿಗೆ, ಅಲ್ಲಿಂದ ನದಿಯಲ್ಲಿ ಪಲೆಟ್ವಾಕ್ಕೆ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂಗೆ. 2023ರ ಮೇ ತಿಂಗಳಲ್ಲಿ ಸಿಟ್ವೆ ಬಂದರಿಗೆ ಮೊದಲ ಹಡಗು ಬಂತು, ಹಾರ ಹಾಕಿದರು. 2024ರ ಜನವರಿಯಲ್ಲಿ ಪಲೆಟ್ವಾ ‘ಅರಾಕಾನ್ ಸೇನೆ’ ಅನ್ನೋ ಬಂಡುಕೋರರ ಗುಂಪಿನ ಕೈಗೆ ಹೋಯಿತು. ಆಮೇಲೆ ರಖೈನ್ ರಾಜ್ಯದ (ಅರಾಕಾನ್‌ನ ಈಗಿನ ಹೆಸರು) 17 ತಾಲೂಕುಗಳಲ್ಲಿ 14 ಅವರ ಕೈಗೆ. ಬಂದರು ಜನರಲ್‌ಗಳ ಹತ್ತಿರ, ನದಿ ಬಂಡುಕೋರರ ಹತ್ತಿರ. ಒಬ್ಬರ ಜೊತೆ ಮಾತ್ರ ಮಾತಾಡಿದ್ದರ ಫಲ ಇದು. ಕೊನೆಗೆ ಮಿಜೋರಾಂನ ರಾಜ್ಯಸಭಾ ಸದಸ್ಯರೇ ಗಡಿ ದಾಟಿ ಹೋಗಿ ಅರಾಕಾನ್ ಸೇನೆಯವರನ್ನು ಭೇಟಿ ಮಾಡಿ ಬಂದರು.

ನದೀತೀರ

ಎಲ್ಲರೂ ‘ಪ್ರಜಾಪ್ರಭುತ್ವ ಮರಳಲಿ’ ಅಂತಿದ್ದೀರಿ. ಯಾವುದು ಮರಳಬೇಕು? 2008ರ ಸಂವಿಧಾನದಲ್ಲಿ ಸಂಸತ್ತಿನ ಕಾಲು ಭಾಗ ಸೀಟು ಸೇನೆಗೇ ಮೀಸಲು. ಸಂವಿಧಾನ ತಿದ್ದಲು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮತ ಬೇಕು. ಅಂದರೆ ಸೇನೆ ಒಪ್ಪದೆ ಒಂದು ಸಾಲೂ ಅಲುಗಲ್ಲ. ಗೃಹ, ರಕ್ಷಣೆ, ಗಡಿ ಮೂರೂ ಖಾತೆ ಸೇನೆಯದ್ದು. ಅದನ್ನು ಮರಳಿ ತರಬೇಕಾ?

ಸೂ ಕಿ ಬಗ್ಗೆಯೂ ನೇರ ಮಾತಾಡಿ. 2017ರಲ್ಲಿ 7 ಲಕ್ಷಕ್ಕಿಂತ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದರು. 2019ರ ಡಿಸೆಂಬರ್‌ನಲ್ಲಿ ಗ್ಯಾಂಬಿಯಾ ಹಾಕಿದ ಕೇಸಿನಲ್ಲಿ ಸೂ ಕಿ ಸ್ವತಃ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಸೇನೆಯನ್ನು ಸಮರ್ಥಿಸಿಕೊಂಡರು. ಅದೇ ಸೇನೆ 14 ತಿಂಗಳಲ್ಲಿ ಅವರನ್ನು ಒಳಗೆ ಹಾಕಿತು.

ಹಳೇಪೇಪರ್

ನಿಜ, ಮತ್ತು ಹಳೆಯ ವ್ಯವಸ್ಥೆ ಬೇಡ ಅಂತ ಈಗ ಅಲ್ಲಿನ ಯುವಜನರೇ ಹೇಳುತ್ತಿದ್ದಾರೆ. 2021ರ ಏಪ್ರಿಲ್‌ನಲ್ಲಿ ಗೆದ್ದ ಸಂಸದರು ಮತ್ತು ಬುಡಕಟ್ಟುಗಳ ನಾಯಕರು ಸೇರಿ ರಾಷ್ಟ್ರೀಯ ಐಕ್ಯತಾ ಸರ್ಕಾರ ಅಂತ ಮಾಡಿಕೊಂಡರು. ಎನ್‌ಯುಜಿ ಅಂತ ಕರೀತಾರೆ. ಅವರು 2008ರ ಸಂವಿಧಾನ ರದ್ದು ಅಂದರು, ಒಕ್ಕೂಟ ವ್ಯವಸ್ಥೆ ಬೇಕು ಅಂದರು. ಜೂನ್‌ನಲ್ಲಿ ರೋಹಿಂಗ್ಯಾ ಹೆಸರು ಹೇಳಿಯೇ, ಪೌರತ್ವ ಕಿತ್ತ 1982ರ ಕಾನೂನು ತೆಗೀತೀವಿ ಅಂದರು. ಸೂ ಕಿ ಅಧಿಕಾರದಲ್ಲಿದ್ದಾಗ ಆ ಹೆಸರನ್ನೇ ಬಳಸುತ್ತಿರಲಿಲ್ಲ. ಅದು ಮಾತು ಮಾತ್ರವೇ ಇರಬಹುದು. ಆದರೂ ಹೊರಗಿನವರು ಬೆಂಬಲ ಕೊಡುವಾಗ ಷರತ್ತು ಹಾಕಲು ಒಂದು ಹಿಡಿ ಸಿಕ್ಕಿದೆ ಅಲ್ವಾ?

ವಿಶ್ವಸಂಸ್ಥೆಯಲ್ಲಿ ರಾಯಭಾರಿ ಕ್ಯಾ ಮೋ ತುನ್ ಅವರ ಕಥೆ ಮರೀಬೇಡಿ. ದಂಗೆ ಆದ ತಿಂಗಳಲ್ಲೇ ಮಹಾಸಭೆಯಲ್ಲಿ ಮೂರು ಬೆರಳು ಎತ್ತಿ ಸೇನೆಯ ವಿರುದ್ಧ ನಿಂತರು. ಸೇನೆ ವಜಾ ಮಾಡಿತು. ವಿಶ್ವಸಂಸ್ಥೆ ತೀರ್ಮಾನವನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿತು, ಅವರು ಕುರ್ಚಿ ಬಿಡಲಿಲ್ಲ. ಮಾನ್ಯತೆ ಕೊಡದೇ ಇರೋದು ಚಿಕ್ಕ ಕೆಲಸ ಅಲ್ಲ.

ಐಜಾಲ್‌ನಿಂದ

ಕೆಲಸಕ್ಕಾಗಿ ಮಿಜೋರಾಂನಲ್ಲಿರುವ ಕನ್ನಡಿಗ ನಾನು. ಇಲ್ಲಿಂದ ನೋಡಿದರೆ ಈ ಚರ್ಚೆ ಬೇರೆಯೇ ಥರ ಕಾಣುತ್ತೆ.

2021ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಇಲಾಖೆ ಗಡಿ ದಾಟಿ ಬರುವವರನ್ನು ತಡೆಯಿರಿ, ವಾಪಸ್ ಕಳಿಸಿ ಅಂತ ಬರೆಯಿತು. ಆಗಿನ ಮುಖ್ಯಮಂತ್ರಿ ಜೋರಂಥಂಗಾ ಪ್ರಧಾನಿಗೆ ಪತ್ರ ಬರೆದು ನಮ್ಮಿಂದ ಆಗಲ್ಲ ಅಂದರು. ಗಡಿಯಾಚೆಯ ಚಿನ್ ಜನ, ಈ ಕಡೆಯ ಮಿಜೋ ಜನ ಒಂದೇ ಬಳ್ಳಿಯವರು. ತಿಯಾವು ನದಿಯ ಆ ಕಡೆ ಚಿಕ್ಕಪ್ಪ, ಈ ಕಡೆ ಅಣ್ಣನ ಮಗ. 30 ಸಾವಿರಕ್ಕಿಂತ ಹೆಚ್ಚು ಜನ ಇಲ್ಲಿದ್ದಾರೆ. ಮೊದಲು ಅಕ್ಕಿ ಕೊಟ್ಟವರು ಚರ್ಚ್‌ನವರು, ಯಂಗ್ ಮಿಜೋ ಅಸೋಸಿಯೇಷನ್‌ನವರು, ಊರಿನವರು. ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಂಡರು. ಇದು ದೆಹಲಿಯ ನೀತಿ ಅಲ್ಲ. ದೆಹಲಿಗೆ ವಿರುದ್ಧವಾಗಿ ಒಂದು ರಾಜ್ಯ ನಡೆಸಿದ ವಿದೇಶಾಂಗ ನೀತಿ ಅಂತಲೇ ನಾನು ಹೇಳೋದು.

2023ರ ಜನವರಿಯಲ್ಲಿ ನದಿಯಾಚೆ, ಸೇನೆಯ ವಿರುದ್ಧ ಹೋರಾಡುವ ಚಿನ್ ನ್ಯಾಷನಲ್ ಫ್ರಂಟ್‌ನ ಕ್ಯಾಂಪ್ ವಿಕ್ಟೋರಿಯಾ ಮೇಲೆ ಸೇನೆಯ ವಿಮಾನ ಬಾಂಬ್ ಹಾಕಿತು. ಗಡಿಗೆ ಅಂಟಿಕೊಂಡಂತೆ ಇರುವ ಜಾಗ. ಇಲ್ಲಿನ ಜನ ಬೆದರಿಹೋದರು. ಆ ವರ್ಷದ ಕೊನೆಗೆ ಸೋತ ಮ್ಯಾನ್ಮಾರ್ ಸೈನಿಕರೇ ನೂರಾರು ಸಂಖ್ಯೆಯಲ್ಲಿ ಓಡಿಬಂದರು. ಅವರನ್ನು ಕರೆದೊಯ್ಯಲು ಅವರದೇ ಸೇನೆಯ ವಿಮಾನ ಲೆಂಗ್‌ಪುಯಿ ನಿಲ್ದಾಣಕ್ಕೆ ಬಂತು. ಒಂದು ವಿಮಾನ ರನ್‌ವೇ ಬಿಟ್ಟು ಜಾರಿಯೂ ಹೋಯಿತು. ಬಾಂಬ್ ಹಾಕುವವರ ಸೈನಿಕರಿಗೆ ವಿಮಾನ, ಬಾಂಬಿಗೆ ಹೆದರಿ ಬಂದವರಿಗೆ ಬೇಲಿ. 2024ರ ಫೆಬ್ರವರಿಯಲ್ಲಿ ಗಡಿಯಲ್ಲಿ ಓಡಾಡುವ ಹಳೆಯ ವ್ಯವಸ್ಥೆ ರದ್ದು, ಗಡಿಯುದ್ದಕ್ಕೂ ಬೇಲಿ ಅಂತ ಕೇಂದ್ರ ಹೇಳಿತು. ಆಮೇಲೆ 10 ಕಿಲೋಮೀಟರ್ ಒಳಗೆ ಪಾಸ್ ಕೊಡುವ ನಿಯಮ ಬಂತು.

ಹೋರಾಟಗಾರರೆಲ್ಲ ದೇವರಲ್ಲ, ಅದನ್ನೂ ಹೇಳಬೇಕು. 2025ರ ಜುಲೈನಲ್ಲಿ ಚಿನ್ ಗುಂಪುಗಳೇ ತಮ್ಮತಮ್ಮಲ್ಲಿ ಹೊಡೆದಾಡಿಕೊಂಡು ಸಾವಿರಾರು ಜನ ಇಲ್ಲಿನ ಗಡಿ ಊರು ಜೋಖಾವ್ತಾರ್‌ಗೆ ಓಡಿಬಂದರು. ಗಡಿ ವ್ಯಾಪಾರದ ದಾರಿ ಯಾರ ಕೈಯಲ್ಲಿರಬೇಕು ಅನ್ನೋ ಜಗಳವೂ ಅದರಲ್ಲಿತ್ತು. ಅರಾಕಾನ್ ಸೇನೆಯ ಮೇಲೂ ರೋಹಿಂಗ್ಯಾ ಜನರನ್ನು ಕೊಂದ ಆರೋಪ ಇದೆ.

ಸೀದಾಮಾತು

ನಾನು ಹೇಳ್ತಿರೋದೂ ಅದೇ. ಯಾರಿಗೆ ಬೆಂಬಲ ಕೊಡಬೇಕು ಅಂತಲೇ ಸ್ಪಷ್ಟ ಇಲ್ಲ. ಚೀನಾ ನೋಡಿ ಕಲೀಬೇಕು. 2023ರ ಅಕ್ಟೋಬರ್ 27ರಂದು ಮೂರು ಗುಂಪುಗಳು ಉತ್ತರದ ಶಾನ್ ರಾಜ್ಯದಲ್ಲಿ ದಾಳಿ ಶುರು ಮಾಡಿದಾಗ ಬೀಜಿಂಗ್ ಸುಮ್ಮನಿತ್ತು, ಯಾಕಂದರೆ ಆನ್‌ಲೈನ್ ವಂಚನೆಯ ಅಡ್ಡೆಗಳು ಮುಚ್ಚಬೇಕಿತ್ತು. ಲಾಶಿಯೋ ನಗರವೇ ಬಿದ್ದಾಗ ಜಾಸ್ತಿ ಆಯ್ತು ಅಂತ ಒತ್ತಡ ಹಾಕಿತು. 2025ರ ಏಪ್ರಿಲ್‌ನಲ್ಲಿ ಲಾಶಿಯೋ ಸೇನೆಗೆ ವಾಪಸ್. ಎರಡೂ ಕಡೆಯವರು ಅವರ ಮಾತು ಕೇಳ್ತಾರೆ.

ಲೆಕ್ಕಿಗ

ನೋಡಿ, ನೀವೇ ಉತ್ತರ ಕೊಟ್ಟಿರಿ! ಚೀನಾ ಎಲ್ಲರ ಜೊತೆಗೂ ಮಾತಾಡುತ್ತೆ. ನಾವು ನೇಪಿಡಾ ಜೊತೆ ಮಾತ್ರ. ‘ವಾಸ್ತವ ನೀತಿ’ ಅಂದರೆ ನೆಲ ಯಾರ ಕೈಲಿದೆಯೋ ಅವರ ಜೊತೆ ಮಾತಾಡಬೇಕು ತಾನೆ? ನಮ್ಮ ಗಡಿಯ ಆಚೆ ಬಹುಪಾಲು ನೆಲ ಸೇನೆಯ ಕೈಲಿಲ್ಲ. 2024ರ ನವೆಂಬರ್‌ನಲ್ಲಿ ದೆಹಲಿಯ ಒಂದು ಸರ್ಕಾರಿ ಸಂಸ್ಥೆ ಎನ್‌ಯುಜಿ, ಚಿನ್, ಅರಾಕಾನ್, ಕಚಿನ್ ಗುಂಪುಗಳನ್ನು ಸಂವಿಧಾನ ಮತ್ತು ಒಕ್ಕೂಟದ ಚರ್ಚೆಗೆ ಕರೆದ ಸುದ್ದಿ ಬಂದಿತ್ತು. ಅಂಥದ್ದು ಹತ್ತು ನಡೀಬೇಕು. ಒಕ್ಕೂಟ ವ್ಯವಸ್ಥೆ, ಭಾಷಾವಾರು ರಾಜ್ಯ, ಚುನಾವಣಾ ಆಯೋಗ, ಇದರಲ್ಲಿ ಕಲಿಸೋಕೆ ನಮ್ಮ ಹತ್ತಿರ ಅನುಭವ ಇದೆ, ತಪ್ಪುಗಳೂ ಇವೆ. ಅಮೆರಿಕದ ಹತ್ತಿರ ಇಲ್ಲದ್ದು ಅದು.

ವಂಚನೆ ಅಡ್ಡೆ ವಿಷಯ ಬಂತಲ್ಲ. ಥಾಯ್ಲೆಂಡ್ ಗಡಿಯ ಮ್ಯಾವಡ್ಡಿ ಕಡೆಯ ಅಡ್ಡೆಗಳಲ್ಲಿ ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದ ಭಾರತದ ಹುಡುಗರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತಂದರು, 500ಕ್ಕಿಂತ ಹೆಚ್ಚು ಜನ. ಆ ಅಡ್ಡೆಗಳು ಬೆಳೆದದ್ದು ಸೇನೆಗೆ ನಿಷ್ಠೆ ತೋರಿಸಿದ ಗಡಿ ಪಡೆಗಳ ನೆರಳಲ್ಲಿ. ಸೇನೆ ಇದ್ದರೆ ಸ್ಥಿರತೆ ಅನ್ನುವವರು ಇದಕ್ಕೇನು ಹೇಳ್ತೀರಿ?

ತೊಗರಿಕಣಜ

ಈಗ ಚುನಾವಣೆ ಬೇರೆ ಮಾಡಿದ್ದಾರಲ್ರೀ. ಅದನ್ನು ಏನಂತ ತಿಳಿಯಬೇಕು?

ನದೀತೀರ

2025ರ ಡಿಸೆಂಬರ್ 28ರಿಂದ 2026ರ ಜನವರಿವರೆಗೆ ಮೂರು ಹಂತ. ಎನ್‌ಎಲ್‌ಡಿಯನ್ನು 2023ರ ಮಾರ್ಚ್‌ನಲ್ಲೇ ರದ್ದು ಮಾಡಿದ್ದರು. ಚುನಾವಣೆಯನ್ನು ಟೀಕಿಸಿದರೆ ಜೈಲು ಅಂತ ಹೊಸ ಕಾನೂನು. ಸೇನೆಯ ಕೈಲಿಲ್ಲದ ಕಡೆ ಮತದಾನವೇ ಇಲ್ಲ. 2020ರಲ್ಲಿ 33 ಸೀಟು ಪಡೆದ ಯುಎಸ್‌ಡಿಪಿಯೇ ಈ ಸಲ ಗೆದ್ದಿತು. ಇದನ್ನು ಚುನಾವಣೆ ಅಂತ ಒಪ್ಪಿಕೊಂಡರೆ 1990, 2020ರಲ್ಲಿ ಮತ ಹಾಕಿದವರಿಗೆ ಏನು ಹೇಳೋದು?

ಹಳೇಪೇಪರ್

ನ್ಯಾಯಯುತವಾಗಿ, ಎಲ್ಲರನ್ನೂ ಒಳಗೊಂಡು ನಡೆಯಲಿ ಅಂತ ಚುನಾವಣೆಗೆ ಮೊದಲು ದೆಹಲಿ ಆಶಿಸಿತ್ತು. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ, ಆಗಸ್ಟ್‌ನಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ನಮ್ಮ ಪ್ರಧಾನಿ ಮೋದಿಯವರು ಮಿನ್ ಆಂಗ್ ಲೈಂಗ್ ಅವರನ್ನು ಭೇಟಿಯಾದರು. ಮ್ಯಾನ್ಮಾರ್ ಕೂಡ ಸೇರಿರುವ ಆಗ್ನೇಯ ಏಷ್ಯಾದ ಗುಂಪು ಆಸಿಯಾನ್‌ನ ದೇಶಗಳು 2021ರ ಅಕ್ಟೋಬರ್‌ನಿಂದ ಅವರನ್ನು ಶೃಂಗಸಭೆಗೆ ಕರೆಯುತ್ತಿರಲಿಲ್ಲ. ಅವರದ್ದೇ ಗುಂಪು ಬಾಗಿಲ ಹೊರಗಿಟ್ಟವರಿಗೆ ನಾವು ಕೈಕುಲುಕುವ ಫೋಟೋ ಕೊಟ್ಟೆವು. 2025ರ ಮಾರ್ಚ್ 28ರ ಭೂಕಂಪದ ನಂತರ ‘ಆಪರೇಷನ್ ಬ್ರಹ್ಮ’ ಅಂತ ಮಾಂಡಲೆಯಲ್ಲಿ ನಮ್ಮ ಸೇನೆ ಆಸ್ಪತ್ರೆ ಹಾಕಿತು, ಅದು ಒಳ್ಳೆಯ ಕೆಲಸ, ಹೆಮ್ಮೆಯೇ. ಅದಕ್ಕೆ ಫೋಟೋದ ಬೆಲೆ ಕೊಡಬೇಕಿರಲಿಲ್ಲ.

ಬಿಸಿಬೇಳೆ

ಅಮೆರಿಕ ಕೂಡ ಈಗ ಕೈಬಿಟ್ಟಂತೆ ಇದೆ. ನೆರವು ನಿಲ್ಲಿಸಿದರು. 2025ರ ಜುಲೈನಲ್ಲಿ ಸೇನೆಗೆ ಹತ್ತಿರದ ಕೆಲವರ ಮೇಲಿದ್ದ ನಿರ್ಬಂಧ ತೆಗೆದರು. ಐಜಾಲ್ ಸಾರ್, ಇಂಥ ಹೊತ್ತಿನಲ್ಲಿ ನಮ್ಮ ಸರ್ಕಾರ ನಾಳೆಯೇ ಮಾಡಬಹುದಾದ ಒಂದು ಕೆಲಸ ಹೇಳಿ ಅಂದರೆ ಏನು ಹೇಳ್ತೀರಿ?

ಐಜಾಲ್‌ನಿಂದ

ಕಾಗದ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮದೇ ಕಾನೂನೂ ಇಲ್ಲ. ಹಾಗಾಗಿ ಇಲ್ಲಿರುವವರು ಕಾನೂನಿನ ಪ್ರಕಾರ ಅಕ್ರಮ ವಲಸಿಗರು ಅಷ್ಟೇ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮಿಜೋರಾಂನಲ್ಲಿ ಕೆಲಸ ಮಾಡುವಂತಿಲ್ಲ. ಕಾರ್ಡ್ ಬೇಕಾದರೆ ದೆಹಲಿಗೆ ಹೋಗಬೇಕು. ಕೈಯಲ್ಲಿ ಯಾವ ದಾಖಲೆಯೂ ಇಲ್ಲದ ಚಿನ್ ಕುಟುಂಬ ರೈಲು ಹತ್ತಿ ದೆಹಲಿ ತಲುಪೋದು ಹೇಗೆ? ಈಗ ಬೆರಳಚ್ಚು ತೆಗೆದು ದಾಖಲಿಸುತ್ತಿದ್ದಾರೆ. ಆದರೆ ಅದು ಗುರುತಿಟ್ಟುಕೊಳ್ಳೋಕೆ ಹೊರತು ರಕ್ಷಣೆ ಕೊಡೋಕಲ್ಲ.

ಅದೇ ದಾಖಲೆಗೆ ‘ವಾಪಸ್ ಕಳಿಸಲ್ಲ, ಕೆಲಸ ಮಾಡಬಹುದು’ ಅಂತ ಎರಡು ಸಾಲು ಸೇರಿಸಲಿ. ಶಾಲೆಗೆ ಹೋಗುತ್ತಿರುವ ಮಕ್ಕಳಿಗೆ ಕಾಲೇಜಿನ ದಾರಿ ತೆರೆಯಲಿ. ಗಡಿಯಾಚೆ ಚಿನ್ ರಾಜ್ಯದಲ್ಲಿ ಊರಿನವರೇ ನಡೆಸುತ್ತಿರುವ ಆಸ್ಪತ್ರೆಗಳಿಗೆ ಔಷಧಿ ಹೋಗಲು ಜೋಖಾವ್ತಾರ್ ದಾರಿಯನ್ನು ಅಧಿಕೃತವಾಗಿ ಬಿಡಲಿ. ಇದಕ್ಕೆ ನೇಪಿಡಾದ ಒಪ್ಪಿಗೆ ಬೇಕಿಲ್ಲ, ಚೀನಾ ಅಡ್ಡ ಬರಲ್ಲ. ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು.

ಸೀದಾಮಾತು

ಔಷಧಿಗೆ ನನ್ನ ತಕರಾರಿಲ್ಲ. ಆಯುಧದ ವಿಷಯದಲ್ಲಿ ಮಾತ್ರ ನಾನು ಇದ್ದಲ್ಲೇ ಇದ್ದೇನೆ.

ಹಳೇಪೇಪರ್

ಸರಿ, ಆಯುಧದ ಜಗಳ ಮುಂದುವರಿಸೋಣ. ಲೆಕ್ಕಿಗರೇ, ದಂಗೆಯ ನಂತರ ಯಾವ ಬಂದರಿನಿಂದ ಏನು ಹೋಯಿತು ಅಂತ ಆ ವರದಿಯ ಭಾರತದ ಭಾಗವನ್ನು ಬಿಡಿಸಿ ಹಾಕ್ತೀರಾ? ಅದನ್ನು ಇಟ್ಟುಕೊಂಡೇ ಸೀದಾಮಾತು ಅವರಿಗೆ ಉತ್ತರ ಬರೀತೀನಿ.